ಜೊತೆಗೆ ಹೋದವರು

"ಅಂಕಲ್, ಇವತ್ತಿನವರಿಗೆ ವಯಸ್ಸೆಷ್ಟು?"

ಕ್ಲಾರಿನೆಟ್ ನುಡಿಸುವ ಹುಡುಗಿ ಬಂದ ಕೂಡಲೇ ಕೇಳುವುದು ಇದನ್ನೇ ಎಂದು ಶವಾಗಾರದ ನೌಕರನಿಗೆ ಅಭ್ಯಾಸವಾಗಿಹೋಗಿತ್ತು. ವಾರಸುದಾರರಿಲ್ಲದ ಶವಗಳನ್ನು ಆಸ್ಪತ್ರೆಯವರು ತಿಂಗಳಿಗೊಂದು ಶನಿವಾರ ಮಣ್ಣು ಮಾಡುತ್ತಿದ್ದರು. 'ಮನುಷ್ಯರನ್ನ ಹೀಗೆ ಸದ್ದಿಲ್ಲದೆ ಸಾಗಹಾಕಬಾರದು' ಎಂದು ಯುವಕರ ಬ್ಯಾಂಡಿನ ಮಾಸ್ತರು ಒಂದು ವರ್ಷದ ಹಿಂದೆ ಈ ಸೇವೆ ಶುರುಮಾಡಿದ್ದರು. ಆಸ್ಪತ್ರೆಯ ಹಿಂದಿನ ಗೇಟಿನಿಂದ ಸ್ಮಶಾನದವರೆಗೆ ವ್ಯಾನಿನ ಮುಂದೆ ನಿಧಾನವಾಗಿ ನುಡಿಸುತ್ತ ನಡೆಯುವುದು, ಅಷ್ಟೇ ಕೆಲಸ. "ನಮ್ಮವರು ಒಳ್ಳೆ ಶ್ರೋತೃಗಳು ಕಣ್ರೋ, ಎಷ್ಟು ಅಪಸ್ವರ ನುಡಿಸಿದ್ರೂ ಎದ್ದು ಹೋಗಲ್ಲ" ಎಂದು ನೌಕರ ಪ್ರತಿ ಸಲವೂ ತಮಾಷೆ ಮಾಡುತ್ತಿದ್ದ. ಇವತ್ತು ಮಾಡಲಿಲ್ಲ.

"ಚಿಕ್ಕ ವಯಸ್ಸಮ್ಮ. ಇಪ್ಪತ್ತೈದೋ ಇಪ್ಪತ್ತಾರೋ ಇರಬಹುದು."

ಹುಡುಗಿ ಕ್ಲಾರಿನೆಟ್ಟನ್ನು ಎದೆಗೆ ಒತ್ತಿ ಹಿಡಿದಳು. ಈವರೆಗೆ ಬಂದವರೆಲ್ಲ ಐವತ್ತು ಅರವತ್ತು ದಾಟಿದವರೇ. ಆ ಉತ್ತರ ಕೇಳಿದ ಮೇಲೆಯೇ ಅವಳ ಉಸಿರು ಹದಕ್ಕೆ ಬರುತ್ತಿದ್ದದ್ದು. ಅವಳ ಅಣ್ಣ ಅಪ್ಪನೊಡನೆ ಜಗಳವಾಡಿ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಈಗ ಅವನಿಗೆ ಇಪ್ಪತ್ತಾರು. ಫೋನಿಲ್ಲ, ಪತ್ರವಿಲ್ಲ. ಅಪ್ಪ ಅವನ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಅಮ್ಮ ಮಾತ್ರ ಯಾರು ಕೇಳಿದರೂ "ಎಲ್ಲೋ ಚೆನ್ನಾಗಿದ್ದಾನೆ" ಎಂದು ಮಾತು ಮುಗಿಸುತ್ತಿದ್ದಳು. ಒಂದು ತಿಂಗಳೂ ತಪ್ಪಿಸದೆ ಬರುವ ಇವಳನ್ನು ಮಾಸ್ತರು ಉಳಿದವರಿಗೆ ಮೇಲ್ಪಂಕ್ತಿಯಾಗಿ ತೋರಿಸುತ್ತಿದ್ದರು. ಹಾಗೆ ಹೊಗಳಿದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು. ಮನೆಯಲ್ಲಂತೂ ಶನಿವಾರ ಪ್ರಾಕ್ಟೀಸ್ ಎಂದು ಹೇಳಿ ಬರುತ್ತಿದ್ದಳು.

"ಎಡಗೈ ಹೆಬ್ಬೆರಳಿಗೆ ಉಗುರಿದೆಯಾ, ಅಂಕಲ್? ಸೈಕಲ್ ಚೈನಿಗೆ ಸಿಕ್ಕಿ ಉಗುರು ಹೋಗಿತ್ತು. ಮತ್ತೆ ಬೆಳೆದಿಲ್ಲ."

ನೌಕರ ಕೂತಲ್ಲಿಂದ ಎದ್ದುಬಿಟ್ಟ. "ಹೆಬ್ಬೆರಳಾ?" ಎಂದು ಅವಳನ್ನು ಮೇಲಿಂದ ಕೆಳಗೆ ನೋಡಿದ. "ನಾನು ಸರಿಯಾಗಿ ನೋಡಿಲ್ಲ. ತೋರಿಸೋಣ ಅಂದ್ರೆ, ಮನೆಯವರಿಗೆ ಬಿಟ್ಟು ಬೇರೆ ಯಾರಿಗೂ ತೋರಿಸೋ ಹಾಗಿಲ್ಲ."

"ನಾನು ಮನೆಯವಳೇ ಇರಬಹುದು, ಅಂಕಲ್."

ಹಿಂದೆ ಡ್ರಮ್ಮಿನ ಪಟ್ಟಿ ಬಿಗಿಯುತ್ತಿದ್ದ ಮಾಸ್ತರ ಕೈ ಅಲ್ಲೇ ನಿಂತಿತು. ಅವರು ಹತ್ತಿರ ಬಂದು ಅವಳ ಕೈಯಿಂದ ಕ್ಲಾರಿನೆಟ್ ತೆಗೆದುಕೊಂಡರು. "ನಾನೂ ಬರ್ಲಾ?" ಎಂದರು. ಬೇಡವೆಂದು ಅವಳು ತಲೆಯಾಡಿಸಿದಳು.

ಕಾರಿಡಾರಿನುದ್ದಕ್ಕೂ ಫಿನಾಯಿಲಿನ ಘಾಟು. ಇಪ್ಪತ್ತು ಹೆಜ್ಜೆಯ ದಾರಿ ಮುಗಿಯಲೇ ಇಲ್ಲ. ಒಳಗೆ ನೌಕರ ಮುಖದ ಮೇಲಿನ ಬಟ್ಟೆಯನ್ನು ಮುಟ್ಟದೆ, ಪಕ್ಕದಿಂದ ಎಡಗೈಯೊಂದನ್ನೇ ಮೆಲ್ಲಗೆ ಹೊರಗೆ ತೆಗೆದ. ಅವಳು ಕಣ್ಣು ಮುಚ್ಚಿದ್ದಳು. "ನೋಡಮ್ಮ, ನೋಡು," ಎಂದು ಅವನು ಎರಡು ಸಲ ಹೇಳಬೇಕಾಯಿತು.

ಹೆಬ್ಬೆರಳಿಗೆ ಉಗುರಿತ್ತು.

ಅವಳಿಗೆ ನಗು ಬಂದುಬಿಟ್ಟಿತು. ನಾಚಿಕೆಯಾಗಿ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಆ ಕೈಯನ್ನು ಸರಿಯಾಗಿ ನೋಡಿದಳು. ಐದೂ ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ ಒಣಗಿ ಕೂತಿತ್ತು. ಯಾರದೋ ಮನೆಗೆ ಬಣ್ಣ ಬಳಿಯುತ್ತಿದ್ದವನು. ಯಾವ ಬಾಗಿಲು ಅರ್ಧಕ್ಕೇ ನಿಂತಿದೆಯೋ.

ನೌಕರ ಕೈಯನ್ನು ಒಳಗಿಟ್ಟು ಬಟ್ಟೆ ಸರಿಮಾಡಿದ. "ಪ್ರತಿ ಮಂಗಳವಾರ ಒಬ್ಬರು ಬಂದು ಇದನ್ನೇ ಕೇಳ್ತಾರಮ್ಮ. ಎಡಗೈ ಹೆಬ್ಬೆರಳು. ಕನ್ನಡಕದ ಕಡ್ಡಿಗೆ ದಾರ ಸುತ್ತಿರ್ತಾರೆ. ಈ ವಾರ ಬರ್ಲಿಲ್ಲ, ಅದಕ್ಕೇ ನಾನೂ ನೋಡಿರ್ಲಿಲ್ಲ."

ಆ ದಾರ ಸುತ್ತಿಕೊಟ್ಟವಳು ಇವಳೇ. ಅಮ್ಮನಿಗೆ ಸೋಮವಾರದಿಂದ ಜ್ವರ.

ಹೊರಗೆ ಬಂದಾಗ ಬ್ಯಾಂಡಿನವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. "ಅಲ್ಲ," ಎಂದಳು. ಮಾಸ್ತರು ಉಸಿರು ಬಿಟ್ಟು, "ನೀನು ಮನೆಗೆ ಹೋಗಮ್ಮ. ಇವತ್ತು ನಾವು ನೋಡ್ಕೋತೀವಿ," ಎಂದರು. ಅವಳು ಕ್ಲಾರಿನೆಟ್ಟಿಗೆ ಕೈ ಚಾಚಿದಳು. ಮೊದಲ ಸ್ವರ ಕೀರಲಾಗಿ ಹೊರಟಿತು. ಎರಡನೆಯದೂ ಹಾಗೆಯೇ. ಮಾಸ್ತರು ಡ್ರಮ್ಮಿನವನಿಗೆ ಸನ್ನೆ ಮಾಡಿ ತಾಳವನ್ನು ಇನ್ನೂ ನಿಧಾನ ಮಾಡಿಸಿದರು. ಅವಳ ಉಸಿರು ಸಿಗುವವರೆಗೂ ಎಲ್ಲರೂ ಅದೇ ಎರಡು ಸಾಲನ್ನು ಮತ್ತೆ ಮತ್ತೆ ನುಡಿಸುತ್ತ ನಡೆದರು. ಅಂಗಡಿಗಳ ಮುಂದೆ ಜನ ಎದ್ದು ನಿಂತರು. ಹೋಗುತ್ತಿರುವವನು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಮನೆಗೆ ಬಂದಾಗ ಅಮ್ಮ ಎದ್ದು ಕೂತು ಒಗೆದ ಬಟ್ಟೆ ಮಡಚುತ್ತಿದ್ದಳು. "ಪ್ರಾಕ್ಟೀಸ್ ಮುಗೀತಾ?" ಎಂದಳು.

ಹುಡುಗಿ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದಳು, "ಇವತ್ತಿನವನು ಅಣ್ಣ ಅಲ್ಲಮ್ಮ. ನಾನೇ ನೋಡಿದೆ."

ಅಮ್ಮನ ಕೈಯಲ್ಲಿದ್ದ ಅಂಗಿ ಅರ್ಧ ಮಡಚಿದಲ್ಲೇ ಉಳಿಯಿತು. ಎಲ್ಲಿ ಎಂದು ಕೇಳಲಿಲ್ಲ, ಯಾವಾಗಿನಿಂದ ಎಂದೂ ಕೇಳಲಿಲ್ಲ. ಒಂದೇ ಮಾತು ಕೇಳಿದಳು.

"ಆ ಹುಡುಗನ ಜೊತೆ ಯಾರಾದ್ರೂ ಇದ್ರಾ?"

"ಇದ್ವಮ್ಮ, ಆರು ಜನ."