ನಾಲ್ಕನೇ ಜಾಕ್

ಊರಾಚೆಯ ಖಾಲಿ ಸೈಟಿನಲ್ಲಿ, ಜೀಪಿಗೆ ಕಟ್ಟಿ ಎಳೆಯುವ ಕ್ಯಾರವಾನ್ ಮನೆ ನಿಲ್ಲಿಸಿಕೊಂಡು ಆ ಅಮ್ಮ ಒಬ್ಬರೇ ಇದ್ದರು. ಅದನ್ನು ಮಟ್ಟವಾಗಿ ನಿಲ್ಲಿಸುವ ನಾಲ್ಕು ಜಾಕ್‌ಗಳಿಗೆ ನಾನು ಗ್ರೀಸ್ ಹಾಕಿ ವಾರವಾಗುವುದರೊಳಗೆ ಅವು ಮತ್ತೆ ಬಿಗಿದುಕೊಂಡಿದ್ದವು. ಇದು ಮೂರನೇ ಸಲ. ತಪ್ಪು ನನ್ನದೇ ಇರಬೇಕೆಂದು ಹೆದರಿಕೊಂಡೇ ಅಲ್ಲಿಗೆ ಹೋದೆ.

"ಊಟ ಆಯ್ತೇನಪ್ಪಾ?" ಎಂದರು. ನನ್ನನ್ನು ಹಾಗೆ ಕೇಳುವವರು ಬೇರೆ ಯಾರೂ ಇರಲಿಲ್ಲ.

"ಮೊದಲು ಕೆಲಸ ಆಗ್ಲಿ ಅಮ್ಮ. ಈ ಸಲಾನೂ ಆಗದಿದ್ರೆ ಬೇರೆಯವರನ್ನ ಕಳಿಸ್ತೀನಿ."

"ಬೇರೆಯವರು ಬೇಡ."

ಜಾಕ್‌ಗಳ ಮುಚ್ಚಳ ಬಿಚ್ಚಿದೆ. ಒಳಗಿನ ಗೇರಿನ ಹಲ್ಲುಗಳ ನಡುವೆ ಗ್ರೀಸಿಗೆ ಬಿಳಿ ಪುಡಿ ಮೆತ್ತಿಕೊಂಡಿತ್ತು. ಬೆರಳಲ್ಲಿ ಉಜ್ಜಿ ನೋಡಿದೆ. ರಂಗೋಲಿ ಪುಡಿ.

"ಗಾಳಿಗೆ ಹಾರಿ ಒಳಗೆ ಹೋಗಿರ್ಬೇಕು," ಎಂದರು, ನನ್ನ ಮುಖ ನೋಡದೆ.

"ಮುಚ್ಚಳದ ಸ್ಕ್ರೂ ಬಿಗಿದಿದ್ದೆನಲ್ಲಮ್ಮ. ಗಾಳಿ ಅದನ್ನೂ ಬಿಚ್ತಾ?"

ಅವರು ಒಳಗಿನಿಂದ ಉಪ್ಪಿಟ್ಟಿನ ತಟ್ಟೆ ತಂದು ನನ್ನ ಪಕ್ಕದಲ್ಲಿಟ್ಟರು.

ನಾಲ್ಕನ್ನೂ ಸೀಮೆಎಣ್ಣೆಯಲ್ಲಿ ತೊಳೆದೆ. ಮೂರಕ್ಕೆ ಗ್ರೀಸ್ ಹಚ್ಚಿ ಕೈ ಒರೆಸಿಕೊಂಡೆ.

"ಎಲ್ಲಾ ಸರಿಹೋಯ್ತಾ?" ಅವರ ದನಿ ಸಣ್ಣಗಾಗಿತ್ತು.

"ನಾಲ್ಕನೇದಕ್ಕೆ ಗ್ರೀಸ್ ಸಾಲಲಿಲ್ಲ. ಗುರುವಾರ ಬರ್ತೀನಿ."

ಇನ್ನೂ ಅರ್ಧ ತುಂಬಿದ್ದ ಗ್ರೀಸ್ ಡಬ್ಬಿಯ ಮುಚ್ಚಳ ಒತ್ತಿ, ಚೀಲದ ತಳಕ್ಕೆ ಸೇರಿಸಿದೆ.