ಖಾಲಿ ಬಿಟ್ಟ ಸೊನ್ನೆ

ಮಗಳ ಪೆನ್ಸಿಲ್ ಡಬ್ಬಿಯಿಂದ ಹೊಸ ರಬ್ಬರಿನ ವಾಸನೆ ಬಂದಾಗಲೆಲ್ಲ ಬಿಜೂರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನು ಏಳನೆಯ ತರಗತಿಯಲ್ಲಿದ್ದೆ. ಮದುವೆಗೆ ಹುಡುಗಿಯ ವಯಸ್ಸು ಹದಿನೆಂಟು ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇದನ್ನು ಸಂಖ್ಯಾರೇಖೆಯ ಮೇಲೆ ತೋರಿಸಿ ಎಂಬುದು ಲೆಕ್ಕ. ಹದಿನೆಂಟರ ಮೇಲೆ ಸೊನ್ನೆ ಬರೆದು ಬಲಕ್ಕೆ ಬಾಣ ಎಳೆದೆ. ಹದಿನೆಂಟೂ ಸೇರುವುದಾದರೆ ಸೊನ್ನೆಯನ್ನು ತುಂಬಬೇಕು, ಇಲ್ಲದಿದ್ದರೆ ಖಾಲಿ ಬಿಡಬೇಕು. ನನಗೆ ಯಾವಾಗಲೂ ಅಲ್ಲೇ ಗೊಂದಲ.

ಒಳಗೆ ಅಜ್ಜಿ ಅಪ್ಪನಿಗೆ ಅಕ್ಕನ ವಿಷಯ ಹೇಳುತ್ತಿದ್ದರು. "ಅದಕ್ಕೆ ಹದಿನೆಂಟ್ ಆಯ್ತಲ್ದಾ? ಇನ್ನೆಂತಕೆ ಕಾಯುದ್? ನಾಳೆ ಗಂಡಿನ್ ಕಡೆಯವ್ರ್ ಹೆಣ್ ಕಾಂಬುಕೆ ಬತ್ರ್."

ನಾನು ಸೊನ್ನೆ ತುಂಬತೊಡಗಿದಾಗ ಪಕ್ಕದಲ್ಲಿದ್ದ ಅಕ್ಕ ಕೈ ಹಿಡಿದಳು. "ತುಂಬ್ಸ್‌ಬೇಡ, ಖಾಲಿ ಬಿಡ್." ಪುಟ ಹರಿಯುವಷ್ಟು ರಬ್ಬರ್ ಉಜ್ಜಿದಳು.

"ತಪ್ಪಾತ್ತಲ್ದಾ ಅಕ್ಕಾ?" ಅಂದೆ.

ಅವಳು ಅಳುತ್ತಿದ್ದಳು. ಒಂದು ಲೆಕ್ಕಕ್ಕೆ ಅಷ್ಟು ಅಳುವುದೇಕೆಂದು ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಬಂದ ಅಪ್ಪ ಪುಸ್ತಕ ಎತ್ತಿಕೊಂಡು ಹದಿನೆಂಟರ ಮೇಲಿನ ಖಾಲಿ ಸೊನ್ನೆಯನ್ನೂ ಅಕ್ಕನ ಮುಖವನ್ನೂ ನೋಡಿದರು. ಆಮೇಲೆ ಒಳಗೆ ತಿರುಗಿ, "ಅಮ್ಮಾ, ನಾಳೆ ಬಪ್ಪುದ್ ಬ್ಯಾಡ ಅಂದ್ ಫೋನ್ ಮಾಡ್ತೆ. ಅದ್ ಮೊದ್ಲ್ ಕಾಲೇಜ್ ಮುಗ್ಸಲಿ" ಅಂದರು.

ಮರುದಿನ ಟೀಚರ್ ಆ ಲೆಕ್ಕಕ್ಕೆ ತಪ್ಪು ಹಾಕಿದರು. ಸಂಜೆ ಅಪ್ಪನಿಗೆ ತೋರಿಸಿದೆ.

"ಸರಿಯೇ ಇತ್ತ್ ಮಗಾ" ಅಂದರು.