ಕಜ್ಜಾಯದ ಅಕ್ಕಿ

ಅಮೋಘ ಸೋಫಾ ಬಿಟ್ಟು, ಯಾರ ಕೈಯನ್ನೂ ಹಿಡಿಯದೆ, ಎರಡು ಹೆಜ್ಜೆ ನಡೆದು ನಿಂತ. ಅಷ್ಟನ್ನೂ ಮೊಬೈಲಿನಲ್ಲಿ ಹಿಡಿದ ಚಿತ್ರಾ ವಿಡಿಯೊ ನಿಲ್ಲಿಸಿ, ಬೀಳಲಿದ್ದ ಮಗನನ್ನು ಬಾಚಿಕೊಂಡಳು. ಮಗ ಸಿಕ್ಕಿದ. ಮೊಬೈಲು ಮಾತ್ರ ಕೈಜಾರಿ, ನೆಲ ಒರೆಸಲು ತಂದಿಟ್ಟಿದ್ದ ಬಕೆಟ್ಟಿನೊಳಗೆ ಬುಳಕ್ಕೆಂದಿತು.

"ನಡೆದ! ನನ್ನ ಬಂಗಾರ ನಡೆದ!" ಎಂದು ಕೂಗುತ್ತ ಅತ್ತೆ ಅನ್ನಪೂರ್ಣಮ್ಮ ಆಗಲೇ ಪಕ್ಕದ ಮನೆಯ ಸೀತಾಮಹಾಲಕ್ಷ್ಮಿಗೆ ಸುದ್ದಿ ಮುಟ್ಟಿಸಲು ಓಡಿದ್ದರು. ಫೋನು ಮುಳುಗಿದ್ದನ್ನು ಅವರು ನೋಡಲೇ ಇಲ್ಲ.

ಎತ್ತಿಕೊಂಡಾಗ ಪರದೆ ಒಮ್ಮೆ ಮಿಣುಕಿ ಕಪ್ಪಾಯಿತು. ಆ ಎರಡು ಹೆಜ್ಜೆ ಅದರೊಳಗೇ ಉಳಿದವು. ಗಂಡ ಅನಿರುದ್ಧ ನೌಕಾಪಡೆಯವನು. ಮಗು ಮಗುಚಿಕೊಂಡಾಗಲೂ ಅಂಬೆಗಾಲಿಟ್ಟಾಗಲೂ ಸಮುದ್ರದ ಮೇಲಿದ್ದ. ಹಡಗು ವಿಶಾಖಪಟ್ಟಣಕ್ಕೆ ಬಂದಿದೆ, ನಾಡಿದ್ದು ಬೆಳಿಗ್ಗೆ ವಿಜಯವಾಡದ ಮನೆಯಲ್ಲಿರುತ್ತೇನೆ ಎಂದು ನಿನ್ನೆಯಷ್ಟೇ ಫೋನು ಮಾಡಿದ್ದ. "ನಾನು ಬರೋವರೆಗೂ ನಡೀಬೇಡ ಅಂತ ಹೇಳೇ ಅವನಿಗೆ" ಎಂದು ನಕ್ಕಿದ್ದ. ಆ ನಗು ಅರ್ಧಕ್ಕೇ ನಿಂತದ್ದು ಚಿತ್ರಾಳಿಗೆ ಕೇಳಿಸಿತ್ತು. ನೋಡಲು ಆಗದಿದ್ದರೂ ಈ ಸಲ ತೋರಿಸಲಾದರೂ ಒಂದು ವಿಡಿಯೊ ಇತ್ತು. ಈಗ ಅದೂ ಬಕೆಟ್ಟಿನ ಪಾಲು.

ನೆನೆದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ದೊಡ್ಡ ಪಾತ್ರೆಗೆ ಅಕ್ಕಿ ಸುರಿದು, ನಡುವೆ ಫೋನನ್ನು ಹುಗಿದು, ಮಗುವನ್ನು ಮಲಗಿಸಲು ಹೋದಳು. ತಟ್ಟುತ್ತ ತಟ್ಟುತ್ತ ಅವಳಿಗೂ ಜೊಂಪು ಹತ್ತಿತು.

ಎದ್ದು ಬಂದರೆ ಅತ್ತೆಯ ಮುಖ ಅರಳಿತ್ತು. "ನಿನ್ನಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ. ಮಗು ಹೆಜ್ಜೆ ಇಟ್ಟರೆ ಕಜ್ಜಾಯ ಮಾಡಬೇಕು ಅಂತ ನಾನು ಬಾಯಿ ಬಿಡೋಕೆ ಮುಂಚೇನೇ ಅಕ್ಕಿ ತೆಗೆದಿಟ್ಟಿದೀಯ! ಇಲ್ಲಿನವರೂ ಮಾಡ್ತಾರಂತೆ, ಅರಿಸೆಲು ಅಂತಾರಂತೆ. ಸೀತಾಮಹಾಲಕ್ಷ್ಮಿ ಹೇಳಿದ್ಲು."

"ಅತ್ತೆ, ಆ ಅಕ್ಕಿ ಎಲ್ಲಿ?"

"ನೆನೆಹಾಕಿದೀನಿ. ಪಾತ್ರೆ ತುಂಬ ನೀರು ಹೊಯ್ದಿದೀನಿ."

ಚಿತ್ರಾ ಮೊಣಕೈವರೆಗೆ ಪಾತ್ರೆಯೊಳಗೆ ಕೈ ಹಾಕಿದಳು. ಅಕ್ಕಚ್ಚು ತೊಟ್ಟಿಕ್ಕಿಸುತ್ತ ಫೋನು ಮೇಲೆ ಬಂತು.

ಅನ್ನಪೂರ್ಣಮ್ಮ ಫೋನನ್ನು ನೋಡಿದರು, ಪಾತ್ರೆಯನ್ನು ನೋಡಿದರು. "ಅಯ್ಯೋ ಶಿವನೇ! ಕಜ್ಜಾಯಕ್ಕೆ ಇದನ್ಯಾಕೆ ಹಾಕಿದ್ಯೇ?"

ಅಳು ಬರಬೇಕಿದ್ದ ಕಡೆ ಚಿತ್ರಾಳಿಗೆ ನಗು ಉಕ್ಕಿತು. ವಿಷಯ ತಿಳಿದ ಮೇಲೆ ಅತ್ತೆಯೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು, ಆ ಅಕ್ಕಿಯನ್ನು ಚೆಲ್ಲಿ ಬೇರೆ ನೆನೆಹಾಕಿದರು.

ಹತ್ತಿರದ ಪಟಮಟ ಬಡಾವಣೆಯಲ್ಲಿ ಮೊಬೈಲ್ ರಿಪೇರಿ ಅಂಗಡಿಯ ಹುಡುಗ ತೇಜ ಫೋನು ಬಿಚ್ಚಿದ. ಚಾರ್ಜರ್ ಚುಚ್ಚುವ ತೂತಿನಿಂದ ಚಿಮಟದಲ್ಲಿ ಒಂದು ಅಕ್ಕಿಕಾಳು ಎಳೆದು ದೀಪಕ್ಕೆ ಹಿಡಿದ.

"ಏನಕ್ಕಾ, ಬಿರಿಯಾನೀನಾ, ಪುಲಿಹೋರಾನಾ?" ಎಂದು ತೆಲುಗಿನಲ್ಲಿ ಕೇಳಿದ.

ಅವಳೂ ತೆಲುಗಿನಲ್ಲೇ ಉತ್ತರಿಸಿದಳು. "ಅರಿಸೆಲು."

ತೇಜನ ನಗು ನಿಂತಿತು. "ಪುಟ್ಟ ಬಾಬು ನಡೆದನಾ?"

"ನಡೆದ. ಅದೇ ಇದರೊಳಗೆ ಸಿಕ್ಕಿಬಿದ್ದಿದೆ. ಅವರಪ್ಪ ನಾಳೆ ಬರ್ತಾರೆ."

ಮುಂದಿದ್ದ ಇನ್ನೊಂದು ಫೋನನ್ನು ಅವನು ಬದಿಗೆ ಸರಿಸಿದ. "ಬೋರ್ಡು ಸ್ವಚ್ಛ ಮಾಡಿ ಪೂರ್ತಿ ಒಣಗಿಸಬೇಕಕ್ಕಾ. ಬದುಕಿದರೆ ನಾಳೆ ಬೆಳಿಗ್ಗೆ ಕೊಡ್ತೀನಿ. ಅಲ್ಲಿವರೆಗೆ ಮನೇಲಿ ಟಿವಿ, ಮಿಕ್ಸಿ ಏನನ್ನೂ ನೆನೆಹಾಕಬೇಡಿ."

ಮರುದಿನ ಅಂಗಡಿಯ ಬಾಗಿಲು ತೆರೆಯುವಾಗಲೇ ಚಿತ್ರಾ ಅಲ್ಲಿದ್ದಳು. ಫೋನು ಬೆಳಗಿತು. ಪರದೆಯ ಮೇಲೆ ಅಮೋಘ ತೂಗಾಡುತ್ತ ಬಂದ, ಹಿಂದಿನಿಂದ ಅತ್ತೆಯ ಕೂಗು ಕೇಳಿತು. ತೇಜ ಶಿಳ್ಳೆ ಹೊಡೆದ. ಚಾರ್ಜರ್ ಕೊಳ್ಳಲು ಬಂದಿದ್ದ ಮುದುಕರೊಬ್ಬರು ಯಾರ ಮಗು ಏನು ಎಂದು ಕೇಳದೆಯೇ ಚಪ್ಪಾಳೆ ತಟ್ಟಿದರು.

ಫೋನನ್ನು ಎದೆಗೊತ್ತಿಕೊಂಡು ಅವಳು ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಬಿಳಿ ಪಂಚೆಯ ಮೇಲೆ ನೆನೆದ ಅಕ್ಕಿ ಆರಲು ಹರಡಿತ್ತು. ಅದರ ಈಚೆ ಅನಿರುದ್ಧ ಬೆನ್ನಿನ ಬ್ಯಾಗನ್ನೂ ಇಳಿಸದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ತೋಳಲ್ಲಿ ಅಮೋಘ, ಅವನ ಪಾದದ ತುಂಬ ಅಕ್ಕಿಕಾಳು.

"ಚಿತ್ರಾ, ನಡೆದ ಕಣೇ! ಇಲ್ಲೇ ಕೂತು ಬಾ ಅಂದೆ, ಅಕ್ಕಿ ತುಳ್ಕೊಂಡು ಬಂದೇಬಿಟ್ಟ. ಮೊದಲ ಹೆಜ್ಜೆ, ನನ್ನ ಹತ್ರಾನೇ! ನಾನು ಬರ್ಲಿ ಅಂತ ಕಾಯ್ತಿದ್ದ ನೋಡು!"

ಅವನು ಮಗನ ಕೆನ್ನೆಗೆ ಕೆನ್ನೆ ಒತ್ತಿದ. ಚಿತ್ರಾ ಅತ್ತೆಯ ಕಡೆ ನೋಡಿದಳು. ಅತ್ತೆ ತುಳಿದ ಅಕ್ಕಿಯನ್ನು ಸರಿಮಾಡುವುದರಲ್ಲಿ ಮುಳುಗಿಹೋಗಿದ್ದರು.

"ಅದಿರಲಿ, ಈ ಅಕ್ಕಿ ಯಾತಕ್ಕಮ್ಮಾ?"

"ಕಜ್ಜಾಯಕ್ಕೆ. ಇವತ್ತು ನಡೀತಾನೆ ಅಂತ ನನ್ನ ಮನಸ್ಸು ಹೇಳ್ತಿತ್ತು" ಎಂದರು ಅವರು, ತಲೆ ಎತ್ತದೆ.

"ಛೆ, ವಿಡಿಯೊ ತೆಗೀಲಿಲ್ಲವಲ್ಲ! ನಿನ್ನ ಫೋನ್ ಕೊಡೇ, ಇನ್ನೊಂದು ಸಲ ನಡೆಸೋಣ."

ಫೋನು ಹಿಡಿದ ಚಿತ್ರಾಳ ಕೈ ದುಪಟ್ಟಾದೊಳಗೆ ಸರಿಯಿತು. "ನಿಮ್ಮದರಲ್ಲೇ ತೆಗೀರಿ. ನಂದು ನೀರಿಗೆ ಬಿದ್ದಿತ್ತು ರೀ, ಇನ್ನೂ ಒಣಗಬೇಕು."

ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದಳು. ಫೋನನ್ನು ಆದಷ್ಟು ಆಳಕ್ಕೆ ಹುಗಿದು ಮೇಲೆ ಅಕ್ಕಿ ಎಳೆದಳು. ತಿರುಗಿದರೆ ಬಾಗಿಲಲ್ಲಿ ಅನ್ನಪೂರ್ಣಮ್ಮ ನಿಂತಿದ್ದರು.

"ಹೆದರ್ಬೇಡ ಕಣೇ" ಎಂದು ಪಿಸುಗುಟ್ಟಿದರು. "ಈ ಸಲ ನೀರು ಹಾಕಲ್ಲ."